ಹೊಸ ಯಕೃತ್ತು ಬಂದ ಮೇಲೆ

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ಮಕ್ಕಳ ಶಸ್ತ್ರಕ್ರಿಯೆಗೆಂದು ನಮ್ಮಲ್ಲಿ ಡಬ್ಬಿ ತಿರುಗುವುದು ಹೊಸದಲ್ಲ. ಹಿಂದಿನ ಸಭೆಯಲ್ಲಿ ಸದಸ್ಯರೊಬ್ಬರು ಎದ್ದು ಕೇಳಿದರು: “ಲಿವರ್ ಬದಲಿಸಿದ ಮಗುವಿಗೆ ಒಮ್ಮೆ ಹಣ ಕೂಡಿಸಿ ಕೊಟ್ಟೆವಲ್ಲ, ಈಗ ಮತ್ತೆ ಔಷಧಕ್ಕೆಂದು ಯಾಕೆ ಬಂದಿರಿ? ಆಪರೇಶನ್ ಆಯಿತು, ಮಗು ಶಾಲೆಗೆ ಹೋಗುತ್ತಿದೆ. ಇನ್ನೆಂಥ ಕಾಯಿಲೆ?” ಕೇಳಿದ್ದು ತಪ್ಪಲ್ಲ. ಬೆವರು ಸುರಿಸಿದ ಹಣ ಕೊಡುವವನಿಗೆ ಕೇಳುವ ಹಕ್ಕು ಇದ್ದೇ ಇದೆ. ಆದರೆ ಉತ್ತರ ನಿಂತ ನಿಲುವಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಅದಕ್ಕೇ ಕಾರ್ಯಕಾರಿ ಸಮಿತಿಯವರು ಈ ದಿನ ನನ್ನನ್ನು ಇಲ್ಲಿ ನಿಲ್ಲಿಸಿದ್ದಾರೆ. ನಾನು ಓದಿದ್ದು ಏಳನೆಯ ಇಯತ್ತೆ. ಕಪ್ಪುಬಸಿ ತೊಳೆದು, ಮೇಜು ಒರೆಸಿ ಈ ಕೆಲಸಕ್ಕೆ ಬಂದವನು. ಆದರೂ ಆಸ್ಪತ್ರೆಯ ಬೆಂಚುಗಳ ಮೇಲೆ ನಮ್ಮವರ ಜೊತೆ ಕುಳಿತು, ವೈದ್ಯರನ್ನು ಕಾಡಿ ಬೇಡಿ ಕೇಳಿ, ಸಿಕ್ಕಿದ್ದನ್ನು ಓದಿ ತಿಳಿದುಕೊಂಡಿದ್ದೇನೆ. ಅದನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ.

ಯಕೃತ್ತು, ಅಂದರೆ ಈಗ ಎಲ್ಲರೂ ಲಿವರ್ ಎನ್ನುವುದು, ಬಲಗಡೆ ಪಕ್ಕೆಲುಬಿನ ಅಡಿಯಲ್ಲಿ ಇರುತ್ತದೆ. ಹೋಟೆಲಿನ ಲೆಕ್ಕದಲ್ಲಿ ಹೇಳುವುದಾದರೆ ಅದು ಉಗ್ರಾಣವೂ ಹೌದು, ಅಡಿಗೆಮನೆಯೂ ಹೌದು, ಪಾತ್ರೆ ತೊಳೆಯುವ ಮೋರಿಯೂ ಹೌದು. ಸಕ್ಕರೆಯನ್ನು ಕೂಡಿಡುವುದು, ರಕ್ತ ಹೆಪ್ಪುಗಟ್ಟಲು ಬೇಕಾದ ವಸ್ತು ತಯಾರಿಸುವುದು, ವಿಷವನ್ನು ಮುರಿಯುವುದು, ಪಿತ್ತರಸ ಸುರಿಸುವುದು, ಎಲ್ಲ ಅದರದೇ ಪಾಳಿ. ಮೂತ್ರಪಿಂಡ ಕೆಟ್ಟರೆ ಯಂತ್ರದಲ್ಲಿ ರಕ್ತ ತೊಳೆದು ವರ್ಷಗಟ್ಟಲೆ ತಳ್ಳಬಹುದು. ಯಕೃತ್ತು ಪೂರ್ತಿ ಕೆಟ್ಟರೆ ಹಾಗೆ ವರ್ಷಗಟ್ಟಲೆ ಅದರ ಬದಲಿಗೆ ದುಡಿಯುವ ಯಂತ್ರವಿಲ್ಲ. ಬೇರೆಯವರ ಯಕೃತ್ತೇ ಬೇಕು.

ಚಿಕ್ಕ ಮಕ್ಕಳಿಗೆ ಯಕೃತ್ತು ಬದಲಿಸಬೇಕಾಗಿ ಬರುವುದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಪಿತ್ತನಾಳ ಮುಚ್ಚಿಹೋಗುವ ರೋಗ. ಬಿಲಿಯರಿ ಅಟ್ರೇಸಿಯಾ ಎನ್ನುತ್ತಾರೆ. ಪಿತ್ತರಸ ಕರುಳಿಗೆ ಇಳಿಯದೆ ಒಳಗೇ ನಿಂತು ಯಕೃತ್ತನ್ನೇ ಹಾಳುಮಾಡುತ್ತದೆ. ಈ ಒಂದು ಮಾತನ್ನು ಮಾತ್ರ ಊರಿಗೆ ಫೋನ್ ಮಾಡುವಾಗ ಮರೆಯದೆ ಹೇಳಿ: ಹುಟ್ಟಿದ ಮಗುವಿನ ಕಾಮಾಲೆ ಎರಡು ವಾರ ದಾಟಿದರೂ ಇಳಿಯದೆ, ಮಲ ಸುಣ್ಣದ ಹಾಗೆ ಬೆಳ್ಳಗೆ ಬಂದರೆ ಅದು ಬಿಸಿಲಿಗೆ ಹಿಡಿದು ವಾಸಿ ಮಾಡುವ ಕಾಮಾಲೆಯಲ್ಲ. ತಾಯತ ಕಟ್ಟಿಸಿ ದಿನ ಕಳೆಯಬಾರದು. ಜಪಾನಿನ ಸೆಂಡೈ ನಗರದಲ್ಲಿ ಕಸಾಯಿ ಎಂಬ ವೈದ್ಯರು 1950ರ ದಶಕದಲ್ಲಿ ಕಂಡುಹಿಡಿದ ಒಂದು ಶಸ್ತ್ರಕ್ರಿಯೆಯಿಂದ ಕರುಳನ್ನೇ ಮೇಲಕ್ಕೆ ತಂದು ಯಕೃತ್ತಿಗೆ ಜೋಡಿಸಿ ಪಿತ್ತಕ್ಕೆ ದಾರಿ ಮಾಡುತ್ತಾರೆ. ಹುಟ್ಟಿ 60 ದಿನದೊಳಗೆ ಮಾಡಿದರೆ ಅದು ಫಲಿಸುವ ಆಸೆ ಹೆಚ್ಚು. ಫಲಿಸದಿದ್ದರೆ, ಇಲ್ಲವೆ ಫಲಿಸಿಯೂ ಮುಂದೆ ಯಕೃತ್ತು ಸೋತರೆ, ಬದಲಿಸುವ ಮಾತು ಬರುತ್ತದೆ.

ಬದಲಿಸಿದರು ಎನ್ನೋಣ. ಮುಂದಿನದು ನಮ್ಮ ಸದಸ್ಯರ ಪ್ರಶ್ನೆಗೆ ಸಂಬಂಧಿಸಿದ ವಿಷಯ.

ಗಿರಣಿಯಲ್ಲಿ ದುಡಿದ ಹಿರಿಯರಿಗೆ ಬಿಲ್ಲೆಯ ನೆನಪಿರಬೇಕು. ಬಿಲ್ಲೆಯಿಲ್ಲದವನನ್ನು ಗೇಟಿನ ಪಹರೆಯವನು ಒಳಗೆ ಬಿಡುತ್ತಿರಲಿಲ್ಲ. ಅವನು ಒಳ್ಳೆಯ ಕೆಲಸಗಾರನೋ ಕಳ್ಳನೋ ಎಂದು ಪಹರೆಯವನು ನೋಡುವವನಲ್ಲ, ಬಿಲ್ಲೆ ನಮ್ಮದೋ ಅಲ್ಲವೋ, ಅಷ್ಟೇ. ನಮ್ಮ ದೇಹದ ಒಂದೊಂದು ಕಣದ ಮೇಲೂ ಇಂಥದೊಂದು ಬಿಲ್ಲೆ ಇದೆ. ರಕ್ತದಲ್ಲಿ ತಿರುಗಾಡುವ ಬಿಳಿಯ ಕಣಗಳು ಪಹರೆಯವರು. ಅವರಲ್ಲಿ ಟಿ ಕಣ ಎನ್ನುವವರು ಈ ತಪಾಸಣೆಯಲ್ಲಿ ಬಲು ಚುರುಕು. ರೋಗದ ಕ್ರಿಮಿ ಬಂದರೆ ಗುರುತಿಸಿ ಹೊಡೆಯುವುದು ಇವರೇ. ಇವರಿಲ್ಲದಿದ್ದರೆ ಒಂದು ನೆಗಡಿಗೂ ನಾವು ಉಳಿಯುವುದು ಕಷ್ಟ. ಆದರೆ ಹೊರಗಿನಿಂದ ಬಂದ ಯಕೃತ್ತು ಮಗುವಿನ ಪ್ರಾಣ ಉಳಿಸಲು ಬಂದದ್ದು ಎಂದು ಇವರಿಗೆ ಹೇಳುವವರು ಯಾರು? ಬಿಲ್ಲೆ ಬೇರೆ, ಹೊಡೆ. ಇದಕ್ಕೇ ವೈದ್ಯರು ರಿಜೆಕ್ಷನ್ ಎನ್ನುವುದು. ನಾವು ತಿರಸ್ಕಾರ ಎನ್ನೋಣ.

ಇದನ್ನು ತಿಳಿದದ್ದು ಹೇಗೆಂದರೆ, ಎರಡನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನಲ್ಲಿ ಸುಟ್ಟಗಾಯದವರು ಬಹಳ. ಬೇರೆಯವರ ಚರ್ಮ ತಂದು ಅಂಟಿಸಿದರೆ ಕೆಲವು ದಿನ ಹಿಡಿದು ಆಮೇಲೆ ಕಳಚಿ ಬೀಳುತ್ತಿತ್ತು. ಪೀಟರ್ ಮೆಡಾವರ್ ಎಂಬ ವಿಜ್ಞಾನಿ ಗ್ಲಾಸ್ಗೋ ಆಸ್ಪತ್ರೆಯಲ್ಲಿ ಸುಟ್ಟುಕೊಂಡ ಹೆಂಗಸೊಬ್ಬಳಿಗೆ ಅವಳ ತಮ್ಮನೋ ಅಣ್ಣನೋ, ಒಟ್ಟಿನಲ್ಲಿ ಒಡಹುಟ್ಟಿದವನ ಚರ್ಮ ಅಂಟಿಸಿದ್ದನ್ನು ಅಲ್ಲಿಯ ಶಸ್ತ್ರವೈದ್ಯರ ಜೊತೆ ಸೇರಿ ಗಮನಿಸುತ್ತ ಹೋದ. ಮೊದಲ ಸಲದ ತುಂಡುಗಳು ಸ್ವಲ್ಪ ದಿನ ಬಾಳಿದವು. ಎರಡನೆಯ ಸಲದವು ಅದಕ್ಕಿಂತ ಬೇಗ ಹೋದವು. ಅಂದರೆ ದೇಹ ನೆನಪಿಟ್ಟುಕೊಂಡಿತ್ತು! 1943ರಲ್ಲಿ ಇದನ್ನು ಪ್ರಕಟಿಸಿದರು. ಮೆಡಾವರ್‌ಗೆ 1960ರಲ್ಲಿ ನೊಬೆಲ್ ಬಹುಮಾನ ಬಂತು. 1954ರ ಡಿಸೆಂಬರಿನಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಜೋಸೆಫ್ ಮರ್ರೆ ಎಂಬ ಶಸ್ತ್ರವೈದ್ಯ ಅವಳಿ ಅಣ್ಣತಮ್ಮಂದಿರಲ್ಲಿ ಒಬ್ಬನ ಮೂತ್ರಪಿಂಡವನ್ನು ಇನ್ನೊಬ್ಬನಿಗೆ ಇಟ್ಟಾಗ ತಿರಸ್ಕಾರವಾಗಲಿಲ್ಲ. ಒಂದೇ ಅಚ್ಚಿನ ಅವಳಿಗಳ ಬಿಲ್ಲೆಯೂ ಒಂದೇ.

ಇಲ್ಲಿ ಒಬ್ಬ ತಾಯಿ ನನ್ನನ್ನು ಕೇಳಿದ್ದುಂಟು, “ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗು, ನನ್ನದೇ ಯಕೃತ್ತಿನ ತುಂಡು. ಅದನ್ನೂ ಬೇಡವೆನ್ನುತ್ತದೆಯೇ?” ಎಂದು. ಎನ್ನುತ್ತದೆ, ತಾಯಿ. ಮಗುವಿನ ಬಿಲ್ಲೆಯಲ್ಲಿ ಅರ್ಧ ನಿಮ್ಮದು, ಅರ್ಧ ತಂದೆಯದು. ನಿಮ್ಮದರಲ್ಲಿ ಮಗುವಿಗೆ ಬಾರದ ಅರ್ಧವಿದೆಯಲ್ಲ, ಪಹರೆಯವರು ಹಿಡಿಯುವುದು ಅದನ್ನು. ಒಂಬತ್ತು ತಿಂಗಳು ಹೊತ್ತದ್ದು ಅವರ ಲೆಕ್ಕಕ್ಕೆ ಬರುವುದಿಲ್ಲ. ಪ್ರೀತಿ ಕಡಿಮೆಯಾಯಿತೆಂದು ಯಾರೂ ಕೊರಗಬಾರದು.

ಇನ್ನು ಯಕೃತ್ತಿನ ಕಥೆ. 1963ರ ಮಾರ್ಚ್ 1ರಂದು ಅಮೆರಿಕದ ಡೆನ್ವರ್ ನಗರದಲ್ಲಿ ಥಾಮಸ್ ಸ್ಟಾರ್ಜ್ಲ್ ಎಂಬ ಶಸ್ತ್ರವೈದ್ಯ ಮನುಷ್ಯನಿಗೆ ಯಕೃತ್ತು ಬದಲಿಸುವ ಮೊದಲನೆಯ ಪ್ರಯತ್ನ ಮಾಡಿದ. ರೋಗಿ ಮೂರು ವರ್ಷದ ಮಗು. ರೋಗ ನಾನು ಆಗಲೇ ಹೇಳಿದ ಪಿತ್ತನಾಳದ್ದೇ. ರಕ್ತಸ್ರಾವ ನಿಲ್ಲದೆ ಮಗು ಮೇಜಿನ ಮೇಲೆಯೇ ತೀರಿಕೊಂಡಿತು. ಆಮೇಲಿನವರೂ ಬಹಳ ದಿನ ಉಳಿಯಲಿಲ್ಲ. ಕೆಲವು ವರ್ಷ ಈ ಕೆಲಸವನ್ನೇ ನಿಲ್ಲಿಸಿದರು. 1967ರಲ್ಲಿ ಮತ್ತೆ ಕೈಹಾಕಿದಾಗ ಎರಡು ವರ್ಷ ಕೂಡ ತುಂಬದ ಹೆಣ್ಣುಮಗು ಒಂದು ವರ್ಷಕ್ಕೂ ಮೇಲೆ ಬದುಕಿತು. ಅದು ಹೋದದ್ದು ತಿರಸ್ಕಾರದಿಂದಲ್ಲ, ಹಳೆಯ ಕ್ಯಾನ್ಸರ್ ಹರಡಿ. ಕೈಚಳಕ ಸಾಧಿಸಿತ್ತು, ಆದರೆ ಪಹರೆಯವರನ್ನು ಹದ್ದುಬಸ್ತಿನಲ್ಲಿ ಇಡುವ ಒಳ್ಳೆಯ ಔಷಧ ಇರಲಿಲ್ಲ. 1970ರ ದಶಕ ಪೂರ್ತಿ, ಯಕೃತ್ತು ಬದಲಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 30 ಮಂದಿ ಮಾತ್ರ ಒಂದು ವರ್ಷ ದಾಟುತ್ತಿದ್ದರು.

ಔಷಧ ಬಂದದ್ದು ಎಲ್ಲಿಂದ ಗೊತ್ತೇ? ಮಣ್ಣಿನಿಂದ. ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಂಪನಿಯವರು ರಜೆಗೆ ಹೋಗುವ ತಮ್ಮ ನೌಕರರಿಗೆ ಹೋದಲ್ಲಿಂದ ಒಂದಿಷ್ಟು ಮಣ್ಣು ತನ್ನಿ ಎನ್ನುತ್ತಿದ್ದರು. 1969ರಲ್ಲಿ ಹಾಗೆ ನಾರ್ವೆ ದೇಶದ ಹಾರ್ಡಾಂಗರ್ ಎತ್ತರದ ಬಯಲಿನಿಂದ ಬಂದ ಮಣ್ಣಿನಲ್ಲಿ ಒಂದು ಬೂಷ್ಟು ಸಿಕ್ಕಿತು. ಅದರ ರಸಕ್ಕೆ ಟಿ ಕಣಗಳನ್ನು ಅಡಗಿಸುವ ಶಕ್ತಿಯಿದೆ ಎಂದು 1972ರಲ್ಲಿ ತಿಳಿಯಿತು. ಅದೇ ಸೈಕ್ಲೋಸ್ಪೋರಿನ್. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ರಾಯ್ ಕಾಲ್ನ್ 1978ರಲ್ಲಿ ಅದನ್ನು ರೋಗಿಗಳಿಗೆ ಕೊಟ್ಟು ನೋಡಿದ. ಸ್ಟಾರ್ಜ್ಲ್ ಅದಕ್ಕೆ ಸ್ಟೆರಾಯ್ಡ್ ಕೂಡಿಸಿ ಕೊಟ್ಟಾಗ ನೂರಕ್ಕೆ 30 ಇದ್ದದ್ದು 70ರ ಸುಮಾರಿಗೆ ಏರಿತು. 1984ರಲ್ಲಿ ಜಪಾನಿನ ತ್ಸುಕುಬಾ ಎಂಬಲ್ಲಿಯ ಮಣ್ಣಿನ ಇನ್ನೊಂದು ಜೀವಿಯಿಂದ ಟ್ಯಾಕ್ರೋಲಿಮಸ್ ದೊರೆಯಿತು. 1989ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಸ್ಟಾರ್ಜ್ಲ್ ಅದನ್ನು ಮನುಷ್ಯರಲ್ಲಿ ಬಳಸಿದ. ಇಂದು ಯಕೃತ್ತು ಬದಲಿಸಿದ ಹೆಚ್ಚಿನ ಮಕ್ಕಳು ನುಂಗುವುದು ಈ ಟ್ಯಾಕ್ರೋಲಿಮಸ್ಸನ್ನೇ. ನಮ್ಮ ದೇಶದಲ್ಲೂ ತಯಾರಾಗುತ್ತದೆ. ಮಳೆಗಾಲದಲ್ಲಿ ಕಾಲಿಗೆ ಹತ್ತಿದ ಕೆಸರನ್ನು ನಾವು ಬೈದುಕೊಂಡು ತೊಳೆಯುತ್ತೇವೆ. ಅದರೊಳಗೆ ಏನೇನು ಅಡಗಿದೆಯೋ!

ಮಕ್ಕಳಿಗೆ ಇನ್ನೊಂದು ತೊಡಕಿತ್ತು. ದೊಡ್ಡವರ ಯಕೃತ್ತು ಮಗುವಿನ ಹೊಟ್ಟೆಯಲ್ಲಿ ಹಿಡಿಸದು, ಅಳತೆಗೆ ಸರಿಯಾದದ್ದು ಸಿಗುವುದು ಅಪರೂಪ. ಆದರೆ ಯಕೃತ್ತು ಕತ್ತರಿಸಿದರೆ ಮತ್ತೆ ಬೆಳೆಯುವ ಅಂಗ. 1989ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ರಸೆಲ್ ಸ್ಟ್ರಾಂಗ್ ಜಪಾನಿನಿಂದ ಬಂದ ತಾಯಿಯೊಬ್ಬಳ ಯಕೃತ್ತಿನ ತುಂಡನ್ನು ಅವಳ ಮಗನಿಗೆ ಇಟ್ಟು ಗೆದ್ದ. ನಮ್ಮ ದೇಶದಲ್ಲಿ 1994ರಲ್ಲಿ ಅಂಗಾಂಗ ಕಸಿಯ ಕಾನೂನು ಬಂತು. 1998ರ ನವೆಂಬರಿನಲ್ಲಿ ದೆಹಲಿಯಲ್ಲಿ 20 ತಿಂಗಳ ಮಗುವಿಗೆ ತಂದೆಯ ಯಕೃತ್ತಿನ ತುಂಡು ಇಟ್ಟರು. ತಮಿಳುನಾಡಿನ ಕಂಚೀಪುರದ ಮಗು, ರೋಗ ಮತ್ತೆ ಅದೇ ಪಿತ್ತನಾಳದ್ದು. ಮಕ್ಕಳಲ್ಲಿ ನಮ್ಮ ದೇಶದ ಮೊದಲ ಗೆಲುವು ಅದು. ಆ ಮಗು ಬೆಳೆದು ತಾನೇ ಡಾಕ್ಟರನಾದ. ಡೆನ್ವರಿನ ಮೇಜಿನ ಮೇಲೆ ಹೋದ ಮಗುವಿಗೂ ಈ ಡಾಕ್ಟರನಿಗೂ ನಡುವೆ 35 ವರ್ಷ, ರೋಗ ಒಂದೇ.

ತಿರಸ್ಕಾರ ಯಾವಾಗ ಬರುತ್ತದೆ, ಹೇಗೆ ತಿಳಿಯುತ್ತದೆ? ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ. ಮೂವರು ಮಕ್ಕಳಲ್ಲಿ ಒಬ್ಬರಿಗಾದರೂ ಒಮ್ಮೆ ಬರುತ್ತದೆ ಎಂದಿಟ್ಟುಕೊಳ್ಳಿ. ಬಂತೆಂದ ಮಾತ್ರಕ್ಕೆ ಹೊಸ ಯಕೃತ್ತು ಹೋಯಿತೆಂದು ತಲೆಯ ಮೇಲೆ ಕೈಹೊತ್ತು ಕೂರಬೇಕಾಗಿಲ್ಲ. ರಕ್ತನಾಳಕ್ಕೆ ಸ್ಟೆರಾಯ್ಡನ್ನು ಕೆಲವು ದಿನ ದೊಡ್ಡ ಪ್ರಮಾಣದಲ್ಲಿ ಕೊಟ್ಟು, ಮಾತ್ರೆಯ ಪ್ರಮಾಣ ಏರಿಸಿದರೆ ಹೆಚ್ಚಿನವು ತಣ್ಣಗಾಗುತ್ತವೆ. ಮೋಸವಿರುವುದು ಬೇರೆ ಕಡೆ. ಜ್ವರ, ಕಣ್ಣು ಹಳದಿ, ಮೂತ್ರ ಕಡುಬಣ್ಣ, ಮಲ ಬಿಳುಪು, ಊಟ ಬೇಡವೆನ್ನುವುದು, ಇವು ಬಂದರೆ ಯಾರಾದರೂ ಓಡುತ್ತಾರೆ. ಆದರೆ ಎಷ್ಟೋ ಸಲ ಯಾವ ಲಕ್ಷಣವೂ ಇರುವುದಿಲ್ಲ. ಮಗು ಆಡಿಕೊಂಡಿರುತ್ತದೆ, ಒಳಗೆ ಪಹರೆಯವರು ಪಿತ್ತದ ಸಣ್ಣ ನಾಳಗಳ ಮೇಲೂ ರಕ್ತನಾಳದ ಒಳಪದರದ ಮೇಲೂ ಕೈಮಾಡುತ್ತಿರುತ್ತಾರೆ. ಮೊದಲು ಹೇಳುವುದು ರಕ್ತಪರೀಕ್ಷೆ. ಯಕೃತ್ತಿನ ಅಂಕೆಗಳು ಮೇಲೇರುತ್ತವೆ. ಅಂಕೆ ಏರಲು ಸೋಂಕು, ನಾಳದ ಅಡಚಣೆ ಮೊದಲಾದ ಬೇರೆ ಕಾರಣಗಳೂ ಇರುವುದರಿಂದ ಸೂಜಿಯಿಂದ ಯಕೃತ್ತಿನ ಎಳೆಯಷ್ಟು ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಖಚಿತ ಮಾಡುತ್ತಾರೆ. “ಮಗು ಚೆನ್ನಾಗಿದೆ, ಸುಮ್ಮನೆ ರಕ್ತ ಯಾಕೆ ತೆಗೆಸುವುದು, ಒಂದು ದಿನದ ಪಗಾರ ಹೋಗುತ್ತದೆ” ಎನ್ನುವವರು ಇದನ್ನು ಕಿವಿಗೊಟ್ಟು ಕೇಳಬೇಕು.

ಹಾಗಾದರೆ ಔಷಧವನ್ನು ಒಂದು ಹಿಡಿ ಹೆಚ್ಚೇ ಕೊಟ್ಟರಾಯಿತಲ್ಲ? ಆಗದು. ಪಹರೆಯವರನ್ನು ತೀರ ಮಲಗಿಸಿದರೆ ನಿಜವಾದ ಕಳ್ಳ ನುಗ್ಗುತ್ತಾನೆ. ಸೋಂಕುಗಳು ಬರುತ್ತವೆ. ಕೆಲವರಲ್ಲಿ ಒಂದು ಬಗೆಯ ವೈರಸ್ಸು ಕೆರಳಿ ಗಡ್ಡೆಯ ರೋಗಕ್ಕೂ ದಾರಿಯಾಗುತ್ತದೆ. ಟ್ಯಾಕ್ರೋಲಿಮಸ್ ಹೆಚ್ಚಾದರೆ ಮೂತ್ರಪಿಂಡಕ್ಕೆ ಪೆಟ್ಟು, ಕೈನಡುಕ, ರಕ್ತದೊತ್ತಡ. ಕಡಿಮೆಯಾದರೆ ತಿರಸ್ಕಾರ. ನೂರು ಜನರ ಸಾಂಬಾರಿಗೆ ಉಪ್ಪು ಹಾಕುವ ಭಟ್ಟರಿಗೆ ಈ ಹದ ಗೊತ್ತು. ಆದರೆ ಇಲ್ಲಿ ನಾಲಗೆಯಲ್ಲಿ ನೋಡುವ ಹಾಗಿಲ್ಲ. ರಕ್ತದಲ್ಲಿ ಔಷಧ ಎಷ್ಟಿದೆ ಎಂದು ಅಳೆದೇ ಪ್ರಮಾಣ ಗೊತ್ತುಮಾಡುವುದು. ಆ ರಕ್ತ ಕೊಡುವುದು ಬೆಳಗಿನ ಮಾತ್ರೆ ನುಂಗುವ ಮೊದಲು. ನುಂಗಿ ಹೋದರೆ ಲೆಕ್ಕ ತಪ್ಪುತ್ತದೆ.

ಮಾತ್ರೆ ಸಾಮಾನ್ಯವಾಗಿ ದಿನಕ್ಕೆ ಎರಡು ಸಲ, 12 ಗಂಟೆಗೊಮ್ಮೆ. ಬೆಳಿಗ್ಗೆ ಎಂಟಕ್ಕಾದರೆ ರಾತ್ರಿ ಎಂಟಕ್ಕೆ. ನಮ್ಮ ಮನೆಗಳಲ್ಲಿ ಇದೇ ಕಷ್ಟ. ಅಪ್ಪ ರಾತ್ರಿ ಹನ್ನೊಂದಕ್ಕೆ ಹೋಟೆಲು ಮುಚ್ಚಿ ಬರುವವನು, ತಾಯಿ ನಾಲ್ಕು ಮನೆಯ ಕೆಲಸಕ್ಕೆ ಹೋಗುವವಳು. ಆದುದರಿಂದ ಮಾತ್ರೆಯ ಜವಾಬ್ದಾರಿ ಯಾರದು ಎಂದು ಮನೆಯಲ್ಲಿ ಮೊದಲೇ ನಿಶ್ಚಯವಾಗಬೇಕು. ಒಂದೇ ಖೋಲಿಯಲ್ಲಿ ಒಲೆಯ ಪಕ್ಕದ ಗೂಡಿನಲ್ಲಿ ಮಾತ್ರೆ ಇಡಬೇಡಿ, ಬಿಸಿ ತಾಗದ ಜಾಗ ನೋಡಿ. ಅಂಗಡಿಯವನು “ಇದೂ ಅದೇ” ಎಂದು ಬೇರೆ ಕಂಪನಿಯದನ್ನು ಕೊಟ್ಟರೆ ವೈದ್ಯರನ್ನು ಕೇಳದೆ ಬದಲಿಸಬೇಡಿ.

ಬೇರೆ ಔಷಧಗಳ ಸಹವಾಸ ಇದಕ್ಕಿಂತ ಗಂಭೀರ. ಕ್ಷಯದ ಮದ್ದಾದ ರಿಫಾಂಪಿಸಿನ್ ಟ್ಯಾಕ್ರೋಲಿಮಸ್ಸಿನ ಮಟ್ಟವನ್ನು ದಡಬಡನೆ ಇಳಿಸುತ್ತದೆ. ನಮ್ಮ ಚಾಳುಗಳಲ್ಲಿ ಕ್ಷಯ ಅಪರೂಪದ ಮಾತಲ್ಲ. ಆ ಮಗುವಿಗೆ ಕ್ಷಯ ಬಂದರೆ ಔಷಧ ಬಿಡಬೇಕೆಂದಲ್ಲ, ಯಕೃತ್ತಿನ ವೈದ್ಯರಿಗೆ ತಿಳಿಸಿಯೇ ಶುರುಮಾಡಬೇಕು. ಫಿಟ್ಸಿನ ಕೆಲವು ಔಷಧಗಳೂ ಹಾಗೆಯೇ ಇಳಿಸುತ್ತವೆ. ಎರಿಥ್ರೋಮೈಸಿನ್, ಫ್ಲುಕೊನಜೋಲ್ ಮುಂತಾದವು ಏರಿಸುತ್ತವೆ. ನಾವು ಊರಿಂದ ಪ್ರೀತಿಯಿಂದ ತರುವ ಚಕ್ಕೋತ ಹಣ್ಣು ಕೂಡ ಏರಿಸುತ್ತದೆ, ಆ ಮಗುವಿಗೆ ಕೊಡಬಾರದು. ಬೇಧಿ ಹತ್ತಿದರೂ ಮಟ್ಟ ಏರುವುದುಂಟು. ಯಕೃತ್ತಿಗೆ ಒಳ್ಳೆಯದೆಂದು ಬೇರು ನಾರಿನ ಕಷಾಯ ಕುಡಿಸುವ ಅಜ್ಜಿಯಂದಿರಿಗೆ ಕೈಮುಗಿದು ಹೇಳುತ್ತೇನೆ, ಈ ಒಂದು ಮಗುವನ್ನು ಬಿಟ್ಟುಬಿಡಿ. ಲಸಿಕೆ ಹಾಕಿಸುವ ಮೊದಲೂ ವೈದ್ಯರನ್ನು ಕೇಳಬೇಕು. ಜೀವಂತ ಕ್ರಿಮಿಯಿರುವ ಲಸಿಕೆಗಳನ್ನು ಇಂಥ ಮಕ್ಕಳಿಗೆ ಸಾಧಾರಣವಾಗಿ ಕೊಡುವುದಿಲ್ಲ.

ಇಷ್ಟೆಲ್ಲ ತಾಯಂದಿರು ಮಾಡುತ್ತಾರೆ. ಗಡಿಯಾರಕ್ಕಿಂತ ನೆಟ್ಟಗೆ ಮಾಡುವವರನ್ನು ನಾನು ಕಂಡಿದ್ದೇನೆ. ಹೆಚ್ಚು ಭಯವಿರುವುದು ಮಗು ಹದಿಮೂರು, ಹದಿನಾಲ್ಕಕ್ಕೆ ಬಂದಾಗ. ಆಗ ಅದಕ್ಕೆ ಯಾವ ಕಾಯಿಲೆಯ ನೆನಪೂ ಇಲ್ಲ. ಶಸ್ತ್ರಕ್ರಿಯೆಯಾದಾಗ ತೊಟ್ಟಿಲ ಕೂಸು. ಹೊಟ್ಟೆಯ ಮೇಲೆ ಗೀರು, ಗೆಳೆಯರ ಎದುರು ಮಾತ್ರೆ ನುಂಗಲು ನಾಚಿಕೆ, ಸ್ಟೆರಾಯ್ಡ್‌ನಿಂದ ಮುಖ ಊದಿದ್ದರೆ ಅದೊಂದು ಸಂಕಟ. ಒಂದು ದಿನ ಬಿಟ್ಟು ನೋಡುತ್ತದೆ, ಏನೂ ಆಗುವುದಿಲ್ಲ. ಎರಡು ದಿನ ಬಿಡುತ್ತದೆ, ಏನೂ ಆಗುವುದಿಲ್ಲ. ಏನೂ ಆಗದಂತೆ ಕಾಣುವುದೇ ಇದರ ಕೇಡು. ಹೀಗೆ ತಡವಾಗಿ ಬಂದ ತಿರಸ್ಕಾರ ಮೊದಲ ತಿಂಗಳಿನದರ ಹಾಗೆ ಸುಲಭವಾಗಿ ಮಣಿಯುವುದಿಲ್ಲ. ಒಳಗಿನ ಪಿತ್ತನಾಳಗಳು ಒಂದೊಂದಾಗಿ ಮಾಯವಾಗಿ ಕೊನೆಗೆ ಮತ್ತೊಂದು ಯಕೃತ್ತೇ ಬೇಕೆನ್ನುವ ಸ್ಥಿತಿಗೂ ಬರಬಹುದು. ತಾಯಿ ತನ್ನ ಒಂದು ಪಾಲು ಕೊಟ್ಟಾಗಿದೆ, ಇನ್ನೊಂದು ಪಾಲು ಯಾರು ಕೊಡಬೇಕು? ಇದಕ್ಕೆ ಬೈಗುಳ ಮದ್ದಲ್ಲ. ಹತ್ತು ವರ್ಷದಿಂದಲೇ ಮಗುವಿಗೆ ಅದರ ಔಷಧದ ಹೆಸರು, ಯಾತಕ್ಕೆ, ಎಷ್ಟು ಎಂಬುದನ್ನು ಕಲಿಸುತ್ತ ಬರಬೇಕು. ವೈದ್ಯರ ಹತ್ತಿರ ಹೋದಾಗ ತಾಯಿ ಮಾತಾಡದೆ ಮಗುವನ್ನೇ ಮಾತಾಡಲು ಬಿಡಬೇಕು.

“ಯಾವತ್ತಿಗಾದರೂ ನಿಲ್ಲಿಸಬಹುದೇ?” ಎಂದು ಎಲ್ಲರೂ ಕೇಳುತ್ತಾರೆ. ಯಕೃತ್ತು ಬೇರೆ ಅಂಗಗಳಷ್ಟು ಜಗಳಗಂಟಿಯಲ್ಲ, ಕೆಲವರ ದೇಹ ಅದರೊಂದಿಗೆ ರಾಜಿಯಾಗುವುದುಂಟು. 2012ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ, ತಂದೆ ಅಥವಾ ತಾಯಿಯ ಯಕೃತ್ತು ಪಡೆದು ವರ್ಷಗಟ್ಟಲೆ ಚೆನ್ನಾಗಿದ್ದ 20 ಮಕ್ಕಳನ್ನು ಆರಿಸಿ, ತಿಂಗಳುಗಟ್ಟಲೆ ನಿಧಾನವಾಗಿ ಔಷಧ ಇಳಿಸುತ್ತ ಹೋದರು. 12 ಮಕ್ಕಳು ಔಷಧವಿಲ್ಲದೆ ಒಂದು ವರ್ಷಕ್ಕೂ ಮೇಲೆ ಸರಿಯಾಗಿದ್ದರು. ಉಳಿದ 8 ಮಕ್ಕಳಿಗೆ ಆಗಲಿಲ್ಲ. ಆ ಹನ್ನೆರಡು ಯಾರು, ಈ ಎಂಟು ಯಾರು ಎಂದು ಮುಖ ನೋಡಿ ಹೇಳುವ ಹಾಗಿಲ್ಲ. ಅದು ಸೂಜಿಪರೀಕ್ಷೆ, ಪದೇ ಪದೇ ರಕ್ತಪರೀಕ್ಷೆಗಳ ಕಾವಲಿನಲ್ಲಿ ವೈದ್ಯರು ಮಾಡಿದ ಕೆಲಸ. ಹಣವಿಲ್ಲವೆಂದು ಮನೆಯಲ್ಲಿ ನಾವೇ ನಿಲ್ಲಿಸುವುದು ಪರೀಕ್ಷೆಯಲ್ಲ, ಜೂಜು.

ಸದಸ್ಯರ ಪ್ರಶ್ನೆಗೆ ಈಗ ನೇರವಾಗಿ ಹೇಳುತ್ತೇನೆ. ಶಸ್ತ್ರಕ್ರಿಯೆ ಒಂದು ದಿನದ್ದು. ಅದಕ್ಕೆ ಪತ್ರಿಕೆಯಲ್ಲಿ ಫೋಟೋ ಬರುತ್ತದೆ, ದಾನಿಗಳು ಸಿಗುತ್ತಾರೆ, ಡಬ್ಬಿ ಬೇಗ ತುಂಬುತ್ತದೆ. ಎಂಟನೆಯ ವರ್ಷದ ಮಾರ್ಚ್ ತಿಂಗಳ ಮಾತ್ರೆಗೆ ಯಾರೂ ಫೋಟೋ ತೆಗೆಯುವುದಿಲ್ಲ. ನನ್ನ ಸೂಚನೆ ಇದು: ಇನ್ನು ಮುಂದೆ ಇಂಥ ಮಗುವಿಗೆ ಹಣ ಕೂಡಿಸುವಾಗ ಒಂದು ಪಾಲನ್ನು ಶಸ್ತ್ರಕ್ರಿಯೆಗೆ ಕೊಡದೆ ಬ್ಯಾಂಕಿನಲ್ಲಿ ಬೇರೆಯಾಗಿ ಇಟ್ಟು, ಔಷಧಕ್ಕೂ ರಕ್ತಪರೀಕ್ಷೆಗೂ ತಿಂಗಳು ತಿಂಗಳು ಬಳಸಬೇಕು. ಮನೆಯವರು ಮತ್ತೆ ಮತ್ತೆ ಕೈಚಾಚುವ ಅವಮಾನ ತಪ್ಪುತ್ತದೆ. ರಕ್ತಪರೀಕ್ಷೆಯ ದಿನ ಅಪ್ಪನ ಪಾಳಿಯನ್ನು ಜೊತೆಯವರು ಬದಲಿಸಿಕೊಡಲಿ, ಇದಕ್ಕೆ ಹಣವೂ ಬೇಡ.

ಇನ್ನೊಂದು. ಮಳೆಗಾಲದಲ್ಲಿ ಕೊಂಕಣ ರೈಲಿನ ದಾರಿಯಲ್ಲಿ ಗುಡ್ಡ ಕುಸಿದರೆ ಗಾಡಿ ಎಲ್ಲೆಲ್ಲೋ ನಿಲ್ಲುವುದು ನಮಗೆಲ್ಲ ಗೊತ್ತು. ಚೌತಿಗೆ ಊರಿಗೆ ಹೋಗುವ ಇಂಥ ಮನೆಯವರು ಬೇಕಾದ ದಿನಗಳಿಗಿಂತ ಹತ್ತು ದಿನದ ಮಾತ್ರೆ ಹೆಚ್ಚಿಗೆ ಒಯ್ಯಬೇಕು. ಅದೂ ಸೀಟಿನಡಿಯ ಟ್ರಂಕಿನಲ್ಲಲ್ಲ, ಕೈಚೀಲದಲ್ಲಿ. ಮಾತ್ರೆಯ ಹೆಸರು, ಪ್ರಮಾಣ, ಹೊತ್ತು, ಆಸ್ಪತ್ರೆಯ ಫೋನ್ ನಂಬರು ಬರೆದ ಚೀಟಿ ಆ ಚೀಲದಲ್ಲಿ ಒಂದು, ಮಗುವಿನ ಜೇಬಿನಲ್ಲಿ ಒಂದು ಇರಲಿ. ಬರೆಯಲು ಬಾರದವರು ಸಂಘದ ಕಚೇರಿಗೆ ಬನ್ನಿ, ನಾವು ಬರೆದುಕೊಡುತ್ತೇವೆ.